ಅಟ್ಟದ ಹಲಸಿನ ಹಲಗೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಆಗುತ್ತಾ?

ಮಲೆನಾಡ್ ಪಿಕ್:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಅಜ್ಜನ ಮನೆ ಬಿಚ್ಚಿದರು. ಅಟ್ಟದ ಹಲಗೆಗಳಲ್ಲಿ ಒಂದು ನನ್ನ ಪಾಲಿಗೆ ಬಂದಿದೆ. ಹಲಸಿನದು. ಒಂದೂವರೆ ಇಂಚು ದಪ್ಪ, ಹದಿನಾಲ್ಕು ಇಂಚು ಅಗಲ, ನಾಲ್ಕು ಅಡಿ ಉದ್ದ. ಒಂದು ತುದಿಯಲ್ಲಿ ಹುಳ ಕೊರೆದ ಸಣ್ಣ ತೂತುಗಳಿವೆ, ಉಳಿದದ್ದು ಗಟ್ಟಿ.

ಇದರಲ್ಲಿ ಟೆಲಿಕಾಸ್ಟರ್ (ಫೆಂಡರ್ ಕಂಪನಿಯ ಚಪ್ಪಟೆ ಹಲಗೆಯ ಎಲೆಕ್ಟ್ರಿಕ್ ಗಿಟಾರ್, ಚಿಕ್ಕದಾಗಿ ಟೆಲಿ) ಥರದ ಗಿಟಾರ್ ಮಾಡಬೇಕು ಅಂತ ಆಸೆ. ಗಿಟಾರ್ ತಕ್ಕಮಟ್ಟಿಗೆ ನುಡಿಸುತ್ತೇನೆ. ಮರಗೆಲಸ ಅಂದ್ರೆ ಪುಸ್ತಕದ ಶೆಲ್ಫ್, ಒಂದು ಮಣೆ, ಅಷ್ಟೇ. ಇರೋದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಎರಡನೇ ಮಹಡಿ. ಓನರ್ ಕೆಳಗೇ ಇದ್ದಾರೆ. ಹಾಗಾಗಿ ಭಾರಿ ಸದ್ದು ಮಾಡೋ ಮೆಷಿನ್ ಆಗಲ್ಲ. ಕೈಗರಗಸ, ಹತ್ತರಿ, ಉಳಿ, ಒಂದು ಡ್ರಿಲ್ ಇದೆ.

ನನ್ನ ಪ್ರಶ್ನೆಗಳು: ಹಲಸು ನಡೆಯುತ್ತಾ? ದಪ್ಪ ಸಾಕಾ? ನೆಕ್, ಅಂದ್ರೆ ಎಡಗೈ ಹಿಡಿಯೋ ಉದ್ದನೆ ಭಾಗ, ನಾನೇ ಮಾಡಲಾ, ಕೊಳ್ಳಲಾ? ಊರಲ್ಲಿ ಬೀಟೆಯ ತುಂಡೂ ಒಂದು ಬಿದ್ದಿದೆ, ಅದನ್ನ ಫಿಂಗರ್‌ಬೋರ್ಡಿಗೆ (ನೆಕ್ ಮೇಲೆ ಬೆರಳೊತ್ತೋ ಪಟ್ಟಿಗೆ) ತಂದುಕೊಳ್ಳಬಹುದಾ? ಪಿಕಪ್ (ತಂತಿಯ ಕುಣಿತವನ್ನ ವಿದ್ಯುತ್ ಸಂಕೇತ ಮಾಡೋ ಅಯಸ್ಕಾಂತದ ಸುರುಳಿ) ಕೂಡ ನಾನೇ ಸುತ್ತಬೇಕು ಅಂತ ಒಂದು ಹುಚ್ಚು ಇದೆ, ಅದಕ್ಕೂ ಏನಾದ್ರೂ ಹೇಳಿ.

ಮೂರು ಕಾರ್ಡ್ ಮುತ್ತಣ್ಣ:

ಸುಮ್ನೆ ಒಂದು ಕಿಟ್ ತಗೊಳ್ಳಿ ಗುರೂ. ಬಾಡಿ, ನೆಕ್, ಸ್ಕ್ರೂ ಎಲ್ಲಾ ಬರುತ್ತೆ. ಜೋಡಿಸಿ, ಬಣ್ಣ ಹೊಡೆದು ನುಡಿಸಿ. ಹಲಗೆಯಲ್ಲಿ ಟೀಪಾಯಿ ಮಾಡಿಸಿ. ಮರ ನೋಡಿ ಮರುಳಾದವರ ಅರ್ಧ ಮುಗಿದ ಗಿಟಾರ್‌ಗಳು ಎಷ್ಟು ಮನೆಯ ಮಂಚದ ಕೆಳಗಿವೆ ಗೊತ್ತಾ?

ಪ್ಯಾಟರ್ನ್ ಕಾಕಾ, ಬೆಳಗಾವಿ:

ಮುತ್ತಣ್ಣನ ಮಾತು ತಳ್ಳಿಹಾಕಲ್ಲ. ಆದ್ರೆ ಇವರು ಕೇಳ್ತಿರೋದು ಗಿಟಾರ್ ಹೇಗೆ ಸಿಗುತ್ತೆ ಅಂತ ಅಲ್ಲ, ಹೇಗೆ ಮಾಡೋದು ಅಂತ.

ನಾನು ಉದ್ಯಮಬಾಗಿನ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್, ಅಂದ್ರೆ ಲೋಹ ಎರಕಕ್ಕೆ ಅಚ್ಚು ತೆಗೆಯೋ ಮಾದರಿ, ಮಾಡಿಕೊಂಡು ಬಂದವನು. ಗಿಟಾರ್ ನುಡಿಸೋಕೆ ಬರಲ್ಲ. ಮಗಳು ನುಡಿಸುತ್ತಾಳೆ, ನಾನು ಮಾಡುತ್ತೇನೆ. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್‌ಗೂ ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ. ರೇಡಿಯೋ ರಿಪೇರಿ ಅಂಗಡಿಯಿಂದ ಬಂದ ಮನುಷ್ಯ. 1950ರಲ್ಲಿ ಅವನು ಮಾರುಕಟ್ಟೆಗೆ ಬಿಟ್ಟ ಗಿಟಾರ್ ನೋಡಿ: ಚಪ್ಪಟೆ ಹಲಗೆ, ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದ ನೆಕ್. ಉಬ್ಬಿಲ್ಲ, ತಗ್ಗಿಲ್ಲ. ನೀವು ಆರಿಸಿಕೊಂಡಿರೋದು ಅದನ್ನೇ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್ ಥರದ್ದಕ್ಕೆ ಕೈ ಹಾಕಿದ್ದರೆ ಬೇಡ ಅಂತಿದ್ದೆ. ಅದರಲ್ಲಿ ನೆಕ್ ಮೂರು ನಾಲ್ಕು ಡಿಗ್ರಿ ಹಿಂದಕ್ಕೆ ವಾಲಬೇಕು, ಹೆಡ್‌ಸ್ಟಾಕ್ (ತಂತಿ ಬಿಗಿಯೋ ತಲೆ) ಕೂಡ ವಾಲಬೇಕು. ಟೆಲಿಯಲ್ಲಿ ಎಲ್ಲಾ ಮಟ್ಟ.

ಮೊದಲು ಹುಳ. ತೂತು ಇರೋ ತುದಿಯ ಕೆಳಗೆ ಬಿಳಿ ಹಾಳೆ ಹಾಸಿ, ಹಲಗೆಯನ್ನ ತಟ್ಟಿ ಹಳೇ ಪುಡಿ ಉದುರಿಸಿ. ಹಾಳೆ ಬದಲಿಸಿ ಕೆಲವು ವಾರ ಬಿಡಿ. ಹೊಸ ಪುಡಿ ಬಿದ್ದರೆ ಹುಳ ಒಳಗೇ ಇದೆ, ಆ ತುದಿ ಕತ್ತರಿಸಿ ಎಸೆಯಿರಿ, ಉಳಿದದ್ದಕ್ಕೆ ಮರದ ಹುಳದ ಔಷಧಿ ಹೊಡೆಯಿರಿ. ಪುಡಿ ಬೀಳದಿದ್ದರೆ ಚಿಂತೆ ಬೇಡ. ಕ್ವೀನ್ ಬ್ಯಾಂಡಿನ ಬ್ರಿಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಮಾಡೋಕೆ ಶುರುಮಾಡಿದ. ನೆಕ್ಕಿಗೆ ಹಾಕಿದ್ದು ಹಳೇ ಅಗ್ಗಿಷ್ಟಿಕೆಯ ಮರ. ಅದರಲ್ಲೂ ಹುಳದ ತೂತು ಇತ್ತು, ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಜೀವನಪೂರ್ತಿ ಅದನ್ನೇ ನುಡಿಸಿದ್ದಾನೆ. ನಿಮ್ಮ ನಾಲ್ಕು ಅಡಿಯಲ್ಲಿ ಗಿಟಾರಿನ ಬಾಡಿ ಮಾಡೋಕೆ ಬೇಕಾದ್ದು 16 ಇಂಚು. ಹುಳದ ತುದಿ ಬಿಟ್ಟೇ ತೆಗೆಯಬಹುದು.

ಮರ ಒಣಗಿದೆಯಾ ಅಂತ ತಿಳಿಯೋಕೆ ಮೀಟರ್ ಬೇಡ. ಒರಟಾಗಿ ಅಳತೆಗಿಂತ ದೊಡ್ಡದಾಗಿ ಕತ್ತರಿಸಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಹಲಗೆ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯೋದು ನಿಂತ ಮೇಲೆ ಕೆಲಸ ಶುರು. ಅಟ್ಟದ ಹಲಗೆ ಒಣಗಿರುತ್ತೆ ನಿಜ, ಆದ್ರೆ ಮಲೆನಾಡಿನ ಕೊಟ್ಟಿಗೆಯಲ್ಲಿ ಒಂದು ಮಳೆಗಾಲ ಬಿದ್ದಿದ್ದರೆ ನೀರು ಕುಡಿದಿರುತ್ತೆ.

ಈಗ ದಪ್ಪ. ಟೆಲಿ ಬಾಡಿ ಸುಮಾರು 45 ಮಿ.ಮೀ. ನಿಮ್ಮ ಹಲಗೆ 38. ಎರಡೂ ಬದಿ ಹತ್ತರಿ ಹೊಡೆದರೆ 36 ಉಳಿಯುತ್ತೆ. ಇದನ್ನ ಕೊರತೆ ಅಂದುಕೊಳ್ಳಬೇಡಿ, ಅನುಕೂಲ ಅಂದುಕೊಳ್ಳಿ. ಹಲಸು ಭಾರ. ಪೂರ್ತಿ ಗಟ್ಟಿ ಬಾಡಿ ಮಾಡಿದರೆ ಬಾಡಿಯೇ ಎರಡೂವರೆ ಕೆಜಿ ಹತ್ತಿರ ಹೋಗುತ್ತೆ. ಆಮೇಲೆ ನೆಕ್, ಲೋಹದ ಸಾಮಾನು ಬೇರೆ. ಹೆಗಲು ಮಾತಾಡುತ್ತೆ. ಫೆಂಡರ್‌ನವರೇ 1968ರಲ್ಲಿ ತೂಕ ಇಳಿಸೋಕೆ ಒಳಗೆ ಟೊಳ್ಳು ಮಾಡಿ ಥಿನ್‌ಲೈನ್ ಅಂತ ಬಿಟ್ಟರು. ನೀವೂ ಹಾಗೇ ಮಾಡಿ. 36 ಮಿ.ಮೀ. ಹಲಗೆಯ ಒಳಗೆ ನಡುವಿನ ಎಡಬಲದ ಎರಡೂ ರೆಕ್ಕೆ ಕೊರೆದು, ಮೇಲೆ 9 ಮಿ.ಮೀ. ಮುಚ್ಚಳದ ಹಲಗೆ ಅಂಟಿಸಿ. ದಪ್ಪವೂ ಸರಿಹೋಯ್ತು, ತೂಕವೂ ಇಳೀತು. ಮುಚ್ಚಳಕ್ಕೆ ಸಿಲ್ವರ್ ಓಕ್ ಹಾಕಿ. ಕಾಫಿ ತೋಟದ ನೆರಳಿನ ಮರ, ಚಿಕ್ಕಮಗಳೂರು ಕಡೆ ಬೇಕಾದಷ್ಟು. ಅದನ್ನ ಅರೀಯವಾಗಿ, ಅಂದ್ರೆ ದಿಮ್ಮಿಯ ನಡುವಿನಿಂದ ಹೊರಕ್ಕೆ, ಕುಯ್ದರೆ ಕಾಣೋ ಚುಕ್ಕೆ ಹೊಳಪಿಗೆ ಪಾಲಿಶ್ ಹಾಕಿ ನೋಡಿ, ಬಣ್ಣ ಹೊಡೆಯೋಕೆ ಮನಸ್ಸು ಬರಲ್ಲ. ಎರಡೂ ಮರದ ಎಳೆ ಒಂದೇ ದಿಕ್ಕಿಗೆ ಇರಲಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಒಂದು ಇನ್ನೊಂದನ್ನ ಎಳೆದು ಬಿರುಕು ಬಿಡುತ್ತೆ.

ಕೊರೆಯುವಾಗ ನಡುವಿನ 10 ಸೆಂ.ಮೀ. ಮುಟ್ಟಬೇಡಿ. ನೆಕ್ ಪಾಕೆಟ್ (ನೆಕ್ಕಿನ ಬುಡ ಕೂರೋ ಗುಂಡಿ), ಪಿಕಪ್, ಬ್ರಿಡ್ಜ್ (ಬಾಡಿ ಮೇಲೆ ತಂತಿಯ ಕೊನೆ ಹಿಡಿಯೋ ಲೋಹದ ಪ್ಲೇಟ್) ಎಲ್ಲಾ ಅದರ ಮೇಲೇ ಕೂರಬೇಕು. ಸುತ್ತ ಅಂಚಿಗೆ 20 ಮಿ.ಮೀ. ಗೋಡೆ, ತಳಕ್ಕೆ 7 ಮಿ.ಮೀ. ಬಿಡಿ. ಇದಕ್ಕೆ ಚಪ್ಪಟೆ ತಳದ ತೂತು ಹಾಕೋ ಫೋರ್ಸ್ಟ್‌ನರ್ ಬಿಟ್ ಕೊಳ್ಳಿ. ಮಾಮೂಲಿ ಆಗರ್ ಬಿಟ್ಟಿನ ಮುಂದಿನ ಸ್ಕ್ರೂ ಮೊನೆ ತಳ ದಾಟಿ ಹಿಂದೆ ಇಣುಕುತ್ತೆ. ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡು ಸಾಲಾಗಿ ತೂತು ಹಾಕಿ, ಉಳಿದ ದಿಬ್ಬಗಳನ್ನ ಉಳಿಯಲ್ಲಿ ಎತ್ತಿ. ಒಳಗಿನದ್ದು ಯಾರಿಗೂ ಕಾಣಲ್ಲ, ನುಣುಪು ಮಾಡುತ್ತಾ ಕೂರಬೇಡಿ.

ಇಷ್ಟು ಬರೆದೆ, ಆದ್ರೆ ಬಾಡಿ ನಿಜವಾಗಿ ಸುಲಭದ ಕೆಲಸ. ಹಲಸಾ ತೇಗಾ ಅಂತ ಜನ ಜಗಳ ಆಡ್ತಾರೆ. ಗಿಟಾರ್ ಗಿಟಾರ್ ಆಗೋದು ಮೂರು ಕಡೆ: ಫ್ರೆಟ್ (ಫಿಂಗರ್‌ಬೋರ್ಡಿನ ಅಡ್ಡ ಲೋಹದ ಪಟ್ಟಿ) ಗೀರುವ ಅಳತೆ, ನೆಕ್ ಕೂರುವ ಪಾಕೆಟ್, ಬ್ರಿಡ್ಜ್ ಇಡುವ ಜಾಗ. ಈ ಮೂರರಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಕಿವಿಗೆ ಬೀಳುತ್ತೆ.

ಫ್ರೆಟ್ ಲೆಕ್ಕ ಇಷ್ಟೇ. ನಟ್‌ನಿಂದ (ನೆಕ್ಕಿನ ತಲೆ ಕಡೆ ತಂತಿ ಕೂರೋ ಗೀರಿನ ಪಟ್ಟಿಯಿಂದ) ಬ್ರಿಡ್ಜ್‌ಗೆ 648 ಮಿ.ಮೀ. ಅಂತ ಇಟ್ಟುಕೊಳ್ಳಿ. 648ನ್ನ 17.817ರಿಂದ ಭಾಗಿಸಿದರೆ 36.37, ಅದು ಮೊದಲ ಫ್ರೆಟ್. ಉಳಿದ ಉದ್ದವನ್ನ ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು, ನಟ್‌ನಿಂದ 70.70. ಹೀಗೇ ಹೋದರೆ ಐದನೆಯದು 162.55, ಏಳನೆಯದು 215.51. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬೀಳಬೇಕು. ಬೀಳದಿದ್ದರೆ ಲೆಕ್ಕ ತಪ್ಪಿದೆ. ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್ಟಿನಿಂದ ಮುಂದಿನದಕ್ಕೆ ಅಂತ ಅಳೆದರೆ ಸಣ್ಣ ಸಣ್ಣ ತಪ್ಪು ಕೂಡಿಕೊಂಡು ಕೊನೆಗೆ ದೊಡ್ಡದಾಗುತ್ತೆ. ಪೆನ್ಸಿಲ್ ಬೇಡ, ಚೂಪು ಚಾಕುವಿನ ಗೀರು ಬೇಕು.

ಇನ್ನೊಂದು. ಉದ್ದಕ್ಕೂ ಒಂದೇ ಸ್ಕೇಲ್ ಬಳಸಿ. ನಮ್ಮ ಕಸುಬಿನಲ್ಲಿ ಬೀಡುಕಬ್ಬಿಣ ಆರುವಾಗ ಕುಗ್ಗುತ್ತೆ ಅಂತ ಶೇಕಡ ಒಂದರಷ್ಟು ಉದ್ದ ಮಾಡಿದ ಸ್ಕೇಲ್ ಇರುತ್ತೆ. ನೋಡೋಕೆ ಮಾಮೂಲಿ ಸ್ಕೇಲಿನ ಹಾಗೇ. ಅದರಲ್ಲಿ 648 ಅಳೆದರೆ ಬ್ರಿಡ್ಜ್ ಆರೂವರೆ ಮಿ.ಮೀ. ಆಚೆ ಹೋಗುತ್ತೆ. ಗಿಟಾರ್ ಕೆಲಸಕ್ಕೆ ಕೂರುವಾಗ ನಾನು ಅದನ್ನ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ನಿಮ್ಮ ಮನೆಯಲ್ಲಿ ಅದು ಇರಲ್ಲ, ಆದ್ರೆ ಟೇಪಿನ ಕೊಕ್ಕೆ ಸಡಿಲ ಆಗಿರುತ್ತೆ. ಟೇಪ್ ಬಿಟ್ಟು ಒಂದು ಮೀಟರಿನ ಸ್ಟೀಲ್ ಸ್ಕೇಲ್ ತಗೊಳ್ಳಿ.

ನೆಕ್ ನೀವೇ ಮಾಡಿ. ಆದ್ರೆ ಫ್ರೆಟ್ ಗೀರು ಕುಯ್ದ ಫಿಂಗರ್‌ಬೋರ್ಡ್ ಕೊಳ್ಳಿ. ಫ್ರೆಟ್ಟಿನ ಗೀರು ಅರ್ಧ ಮಿಲಿಮೀಟರಿಗೆ ಚೂರು ಜಾಸ್ತಿ ಅಗಲ ಇರಬೇಕು. ಜಪಾನಿ ಗರಗಸದ ಗೀರು ಕಿರಿದು, ಮಾಮೂಲಿಯದ್ದು ಅಗಲ. ಮೊದಲ ಗಿಟಾರಿಗೆ ಅದಕ್ಕಾಗಿಯೇ ಗರಗಸ ಕೊಳ್ಳೋದು ದಂಡ. ಮೇಲಿನ ಲೆಕ್ಕ ಹೇಳಿದ್ದು ಕೊಂಡ ಬೋರ್ಡ್ ಸರಿಯಿದೆಯಾ ಅಂತ ಪರೀಕ್ಷೆ ಮಾಡೋಕೆ.

ಊರಿನ ಬೀಟೆ ಊರಲ್ಲೇ ಇರಲಿ. ಜಗತ್ತಿನ ಎಷ್ಟೋ ಗಿಟಾರ್‌ಗಳ ಮೇಲೆ ನಮ್ಮ ದೇಶದ ಬೀಟೆ ಇದೆ ಅನ್ನೋದು ಹೆಮ್ಮೆಯೇ, ಆದ್ರೆ ಪರವಾನಗಿ ಇಲ್ಲದೆ ತುಂಡು ಬೀಟೆ ಸಾಗಿಸಿದರೂ ಅರಣ್ಯ ಇಲಾಖೆಯವರು ಹಿಡಿಯುತ್ತಾರೆ. ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರ್ತೀನಿ ಅನ್ನಬೇಡಿ. ಅಂಗಡಿಯಲ್ಲಿ ಬಿಲ್ ಸಮೇತ ಬೋರ್ಡ್ ತಗೊಳ್ಳಿ. ಮತ್ತೆ ಬೀಟೆಯ ಪುಡಿ ಕೆಲವರಿಗೆ ಮೈ ಕೆರೆತ, ಉಬ್ಬಸ ತರುತ್ತೆ. ಮಾಸ್ಕ್ ಹಾಕಿ.

ನೆಕ್ ಮರಕ್ಕೆ ಹಳೇ ಬಾಗಿಲ ಚೌಕಟ್ಟಿನ ತೇಗ ಹುಡುಕಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಒಂದು ಸುತ್ತು ಹಾಕಿ. ಎಳೆ ನೇರ ಇರಲಿ, ಗಂಟು ಬೇಡ. ಒಂದೇ ತುಂಡಿಗಿಂತ ಮೂರು ಪಟ್ಟಿ ಅಂಟಿಸಿ, ನಡುವಿನದ್ದನ್ನ ತಿರುಗಿಸಿ ಇಡಿ, ಒಂದು ಬಾಗಲು ಹೋದರೆ ಇನ್ನೊಂದು ಬಿಡಲ್ಲ. ತೇಗಕ್ಕೆ ಎಣ್ಣೆ ಇರುತ್ತೆ, ಅಂಟಿಸುವ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಒಳಗೆ ಎರಡೂ ಕಡೆ ಬಾಗುವ ಟ್ರಸ್ ರಾಡ್, ಅಂದ್ರೆ ನೆಕ್ ನೇರ ಇಡೋ ಉಕ್ಕಿನ ಸರಳು, ಹಾಕಿ. ಅದಕ್ಕೆ ನೇರ ಕಾಲುವೆ ಸಾಕು. ಹಳೇ ನಮೂನೆಯದ್ದಕ್ಕೆ ಬಾಗಿದ ಕಾಲುವೆ ಕೊರೆಯಬೇಕು, ಅದು ಬೇಡ. 10ರ ಸೆಟ್ಟಿನ (ಅತಿ ತೆಳು ತಂತಿ 0.010 ಇಂಚು ದಪ್ಪ) ಆರು ತಂತಿ ಸೇರಿ 45 ಕೆಜಿಗೂ ಜಾಸ್ತಿ ಎಳೆಯುತ್ತವೆ, ರಾಡ್ ಇಲ್ಲದ ನೆಕ್ ಬಿಲ್ಲಾಗುತ್ತೆ.

ನೆಕ್ಕಿನ ಹಿಂಬದಿ ಉರುಟು ಮಾಡೋದು ಕಷ್ಟ ಅಂತಾರೆ. ನೇರವಾಗಿ ಉರುಟು ಮಾಡಲು ಹೋದರೆ ಕಷ್ಟವೇ. ಮೊದಲು ಎರಡೂ ಮೂಲೆ 45 ಡಿಗ್ರಿಗೆ ಚಪ್ಪಟೆಯಾಗಿ ತೆಗೆಯಿರಿ, ಉದ್ದಕ್ಕೂ ಗೆರೆ ಹಾಕಿಕೊಂಡು. ಈಗ ಚಪ್ಪಟೆ ಮುಖ ಮೂರಾದವು. ಆಮೇಲೆ ಅವುಗಳ ನಡುವಿನ ಮೂಲೆ ಇಳಿಸಿ, ಮುಖ ಐದಾದವು. ಅಲ್ಲಿಗೆ ಅರ ಬಿಟ್ಟು ಮರಳು ಕಾಗದದ ಪಟ್ಟಿ ಹಿಡಿದು, ಶೂ ಪಾಲಿಶ್ ಮಾಡೋ ಹಾಗೆ ಎಳೆಯಿರಿ. ಮೊದಲ ಫ್ರೆಟ್ ಹತ್ತಿರ ಬೋರ್ಡ್ ಸೇರಿ 21 ಮಿ.ಮೀ., ಹನ್ನೆರಡರ ಹತ್ತಿರ 23.

ಪಾಕೆಟ್ ಆಳ 16 ಮಿ.ಮೀ. ಮಾಡಿ, ಅಗಲ ನಿಮ್ಮ ನೆಕ್ಕಿನ ಬುಡದಷ್ಟೇ, ಸುಮಾರು 56. ಅಳತೆ ನೋಡಿ ಅಲ್ಲ, ನೆಕ್ಕನ್ನೇ ಇಟ್ಟು ಚಾಕುವಿನಲ್ಲಿ ಗೀರಿ. ಸ್ಕ್ರೂ ಹಾಕದೆ ನೆಕ್ ಕೂರಿಸಿ, ನೆಕ್ ಹಿಡಿದು ಎತ್ತಿದರೆ ಬಾಡಿ ಜೊತೆಗೇ ಏಳಬೇಕು, ಅಷ್ಟು ಬಿಗಿ. ಉಳಿ ಚೂಪಿದ್ದರೆ ರೌಟರ್ (ಮರ ಕೊರೆಯೋ ಮೆಷಿನ್) ಇಲ್ಲದೆಯೇ ಆಗುತ್ತೆ. ನಿಮ್ಮ ಓನರ್ ನಿದ್ದೆಯೂ ಕೆಡಲ್ಲ.

ವೀಣೆ ಬೀದಿ, ಮೈಸೂರು:

ಹಲಸಿಗೆ ಯಾಕೆ ಹೆದರಿಕೆ? ವೀಣೆಯ ಕೊಡ ಹಲಸಿನಲ್ಲೇ ಕೊರೆಯೋದು. ಕಾಕಾ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಶ್ರುತಿ ತಪ್ಪಿದರೆ ಮೇಣ ಬಿಸಿ ಮಾಡಿ ಸರಿಸಬಹುದು. ಗಿಟಾರಿನ ಫ್ರೆಟ್ ಒಮ್ಮೆ ಬಡಿದರೆ ಮುಗೀತು. ಅದಕ್ಕೇ ಗೀರು ಕುಯ್ದ ಬೋರ್ಡ್ ಕೊಳ್ಳಿ ಅನ್ನೋದು ಸರಿ.

ಒಂದು ವಿಷಯದಲ್ಲಿ ಮಾತ್ರ ಕಾಕಾ ಮಾತು ಒಪ್ಪಲ್ಲ. ಮರದಿಂದ ನಾದ ಬದಲಾಗಲ್ಲ ಅನ್ನೋದು ಅತಿ ಆಯ್ತು.

ಪ್ಯಾಟರ್ನ್ ಕಾಕಾ, ಬೆಳಗಾವಿ:

ಬದಲಾಗಲ್ಲ ಅನ್ನಲಿಲ್ಲ, ಜಗಳ ಆಡುವಷ್ಟು ಅಲ್ಲ ಅಂದೆ. ವೀಣೆಯಲ್ಲಿ ಮರವೇ ಮಾತಾಡುತ್ತೆ, ಗಾಳಿ ಅಲುಗಾಡಿಸೋದು ಅದೇ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪಿಗೆ ಕಾಣೋದು ಉಕ್ಕಿನ ತಂತಿಯ ಕುಣಿತ. ಪಿಕಪ್ಪಿನ ಸ್ಕ್ರೂ ತಿರುಗಿಸಿ ತಂತಿಗೆ ಒಂದು ಮಿ.ಮೀ. ಹತ್ತಿರ ತನ್ನಿ, ಆಮೇಲೆ ಮರದ ಮಾತಾಡೋಣ.

ಸಾಲ್ಡರ್ ಹೊಗೆ:

ವೈರಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಆದ್ರೆ 250 ಕೆ ಪಾಟ್ (ಸದ್ದು, ಟೋನ್ ತಿರುಗಿಸೋ ಪೊಟೆನ್ಶಿಯೋಮೀಟರ್) ಎರಡು, ಜೋಡಿ ಸುರುಳಿಯ ಹಮ್‌ಬಕರ್ ಆದ್ರೆ 500 ಕೆ. ಟೋನಿಗೆ 0.022 ಅಥವಾ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಎಸ್.ಪಿ. ರೋಡಿನಲ್ಲಿ ಕೆಪಾಸಿಟರ್ ಚಿಲ್ಲರೆ ಕಾಸಿಗೆ ಸಿಗುತ್ತೆ. ಮ್ಯಾಜಿಕ್ ಕೆಪಾಸಿಟರ್ ಅಂತ ಸಾವಿರ ರೂಪಾಯಿ ಕೇಳೋರಿದ್ದಾರೆ, ನಕ್ಕು ಮುಂದೆ ಹೋಗಿ. ಪಾಟ್ ಕೊಳ್ಳುವಾಗ ವಾಲ್ಯೂಮಿಗೆ ಎ ಟೇಪರ್ (ಕಿವಿಗೆ ಒಂದೇ ಸಮನೆ ಏರಿಳಿಯೋ ನಮೂನೆ) ಕೇಳಿ. ಬಿ ಹಾಕಿದರೆ ಹತ್ತರಿಂದ ಎರಡರ ತನಕ ಏನೂ ಆಗದೆ, ಆಮೇಲೆ ದಡಕ್ಕಂತ ಸದ್ದು ಬಿದ್ದುಹೋದ ಹಾಗೆ ಅನಿಸುತ್ತೆ.

ತುಂಬ ಜನ ಬಿಟ್ಟುಬಿಡೋದು ಬ್ರಿಡ್ಜ್ ಗ್ರೌಂಡ್. ಬ್ರಿಡ್ಜ್ ಪ್ಲೇಟ್ ಕೆಳಗೆ ಸುಲಿದ ವೈರ್ ಸಿಕ್ಕಿಸಿ ವಾಲ್ಯೂಮ್ ಪಾಟಿನ ಬೆನ್ನಿಗೆ ಬೆಸೆಯಬೇಕು. ಇಲ್ಲಾಂದ್ರೆ ಗುಂಯ್ ಅಂತ ಕಿವಿ ತಿನ್ನುತ್ತೆ. ನೀವು ಟೊಳ್ಳು ಬಾಡಿ ಮಾಡೋದಾದ್ರೆ ಮುಚ್ಚಳ ಅಂಟಿಸುವ ಮುಂಚೆ ವೈರಿನ ದಾರಿ ಕೊರೆದುಬಿಡಿ. ಆಮೇಲೆ ಉದ್ದ ಬಿಟ್ ಹಿಡಿದು ಪರದಾಡಬೇಕಾಗುತ್ತೆ. ಪಾಟ್ ಕೂರೋ ಕುಳಿಯ ಒಳಗೆ ತಾಮ್ರದ ಹಾಳೆ ಅಂಟಿಸಿ, ಹಾಳೆ ಹಾಳೆ ಸೇರೋ ಕಡೆ ಒಂದೊಂದು ಚುಕ್ಕೆ ಬೆಸುಗೆ ಹಾಕಿ, ಮಲ್ಟಿಮೀಟರಿನಲ್ಲಿ ಬೀಪ್ ಬರುತ್ತಾ ನೋಡಿ.

ಪಿಕಪ್ ಸುತ್ತೋದು ಹುಚ್ಚಲ್ಲ, ಆದ್ರೆ ತಾಳ್ಮೆ ಬೇಕು. 42 ಗೇಜಿನ ಎನಾಮಲ್ ತಂತಿ ಕೂದಲಿಗಿಂತ ದಪ್ಪ ಇಲ್ಲ. ಅದನ್ನ ಸುಮಾರು 8,000 ಸುತ್ತು. ಜೋರಾಗಿ ಎಳೆದರೆ ತುಂಡು, ಸಡಿಲ ಬಿಟ್ಟರೆ ಕೀರಲು. ಲೆಕ್ಕ ಇಡೋಕೆ ಹಳೇ ಕ್ಯಾಲ್ಕುಲೇಟರ್ ಬಿಚ್ಚಿ, ಸಮ ಚಿಹ್ನೆಯ ಕೀಲಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗೋ ಸ್ವಿಚ್) ಬೆಸೆಯಿರಿ. ಸುತ್ತುವ ಗಾಲಿಗೆ ಒಂದು ಚಿಕ್ಕ ಅಯಸ್ಕಾಂತ ಅಂಟಿಸಿ. ಒಂದು ಕೂಡಿಸು ಒಂದು ಒತ್ತಿ ಬಿಟ್ಟರೆ, ಗಾಲಿ ಒಂದು ಸುತ್ತು ಬಂದಾಗೆಲ್ಲ ಅದೇ ಎಣಿಸಿಕೊಳ್ಳುತ್ತೆ. ಮುಗಿದ ಮೇಲೆ ಕರಗಿದ ಮೇಣದಲ್ಲಿ ಅದ್ದಿ. ಗಾಳಿಗುಳ್ಳೆ ಬರೋದು ನಿಲ್ಲೋ ತನಕ ಇಡಿ. ಮೇಣವನ್ನ ಒಲೆ ಮೇಲೆ ನೇರವಾಗಿ ಬೇಡ, ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಆದ್ರೂ ಮೊದಲು ಕೊಂಡ ಪಿಕಪ್ ಹಾಕಿ ಗಿಟಾರ್ ಸರಿಯಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಎರಡೂ ಹೊಸದಾದ್ರೆ ಸದ್ದು ಬರದಿದ್ದಾಗ ತಪ್ಪು ಎಲ್ಲಿದೆ ಅಂತ ತಿಳಿಯಲ್ಲ.

ಮಲೆನಾಡ್ ಪಿಕ್:

ಇಷ್ಟು ವಿವರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಬೀಟೆ ಆಸೆ ಬಿಟ್ಟೆ. ಥಿನ್‌ಲೈನ್ ಐಡಿಯಾ ಹಿಡಿಸಿತು. ಕಾಕಾ, ಬ್ರಿಡ್ಜ್ ಜಾಗದ ಬಗ್ಗೆ ಮೂರರಲ್ಲಿ ಒಂದು ಅಂದಿರಿ, ಆಮೇಲೆ ಏನೂ ಹೇಳಲಿಲ್ಲ. 648ಕ್ಕೆ ಗೆರೆ ಎಳೆದು ಸ್ಕ್ರೂ ಹಾಕಿದರೆ ಆಯ್ತಲ್ವಾ? ಮತ್ತೆ ಯಾವುದರಿಂದ ಶುರು ಮಾಡಲಿ?

ಪ್ಯಾಟರ್ನ್ ಕಾಕಾ, ಬೆಳಗಾವಿ:

ಆಗಲ್ಲ. ತಂತಿ ಒತ್ತಿದಾಗ ಬಿಗಿಯಾಗಿ ಸ್ವರ ಚೂರು ಏರುತ್ತೆ. ಅದನ್ನ ಸರಿದೂಗಿಸೋಕೆ ಪ್ರತಿ ತಂತಿಯನ್ನೂ 648ಕ್ಕಿಂತ ಸ್ವಲ್ಪ ಉದ್ದ ಬಿಡಬೇಕು. ತೆಳು ತಂತಿಗೆ ಕಮ್ಮಿ, ದಪ್ಪ ತಂತಿಗೆ ನಾಲ್ಕು ಐದು ಮಿ.ಮೀ. ತನಕ. ಅದಕ್ಕೇ ಬ್ರಿಡ್ಜ್‌ನಲ್ಲಿ ಸ್ಯಾಡಲ್ (ತಂತಿ ಕೂರೋ ಚಿಕ್ಕ ತುಂಡು) ಹಿಂದೆ ಮುಂದೆ ಓಡಾಡೋದು. ತೆಳು ತಂತಿಯ ಸ್ಯಾಡಲ್ಲನ್ನ ಪೂರ್ತಿ ಮುಂದೆ ತಂದು, ಅಲ್ಲಿಂದ ಒಂದೆರಡು ಮಿ.ಮೀ. ಹಿಂದೆ ಸರಿಸಿ, ಆ ಜಾಗ 648ಕ್ಕೆ ಬರೋ ಹಾಗೆ ಬ್ರಿಡ್ಜ್ ಇಡಿ. ಆಗ ಹಿಂದಕ್ಕೆ ಹೋಗೋಕೆ ಬೇಕಾದಷ್ಟು ಜಾಗ ಉಳಿಯುತ್ತೆ.

ಅಡ್ಡಡ್ಡ ಎಲ್ಲಿ ಅನ್ನೋದಕ್ಕೆ ಬಾಡಿಯ ನಡು ಗೆರೆ ನಂಬಬೇಡಿ, ನೆಕ್ಕನ್ನ ನಂಬಿ. ನೆಕ್ ಸ್ಕ್ರೂ ಬಿಗಿದು ಎರಡು ಹೊಲಿಗೆ ದಾರ ತಗೊಳ್ಳಿ. ಮೊದಲ ಮತ್ತು ಆರನೇ ತಂತಿಯ ಟ್ಯೂನರಿಗೆ ಕಟ್ಟಿ, ನಟ್ ಮೇಲಿಂದ ಹಾಯಿಸಿ, ಬ್ರಿಡ್ಜ್‌ನ ಮೊದಲ ಮತ್ತು ಆರನೇ ಸ್ಯಾಡಲ್ ಮೇಲೆ ತಂದು, ಬಾಡಿಯ ಹಿಂದಿನ ಅಂಚಿನಿಂದ ಕೆಳಗೆ ಇಳಿಬಿಡಿ. ತುದಿಗೆ ಒಂದೊಂದು ನಟ್ ಬೋಲ್ಟ್ ಕಟ್ಟಿ, ದಾರ ಬಿಗಿಯಾಗುತ್ತೆ. ಬ್ರಿಡ್ಜ್ ಇನ್ನೂ ಸ್ಕ್ರೂ ಇಲ್ಲದೆ ಬಿಡಿಯಾಗಿ ಕೂತಿದೆ. ಈಗ ಕೊನೆಯ ಫ್ರೆಟ್ ಹತ್ತಿರ ಕಣ್ಣಿಟ್ಟು ನೋಡಿ: ದಾರದಿಂದ ಬೋರ್ಡಿನ ಅಂಚಿಗೆ ಎರಡೂ ಬದಿ ಒಂದೇ ಅಂತರ ಇರಬೇಕು. ಇಲ್ಲದಿದ್ದರೆ ಬ್ರಿಡ್ಜನ್ನ ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿ. ಸರಿಹೋದ ಮೇಲೆ ಮೇಲೊಂದು ಟೇಪ್ ಅಂಟಿಸಿ, 648 ಮತ್ತೊಮ್ಮೆ ಅಳೆದು, ಸ್ಕ್ರೂ ತೂತನ್ನ ಚೂಪು ಮೊಳೆಯಲ್ಲಿ ಗುರುತು ಮಾಡಿ. ಹಲಸಿಗೂ ತೇಗಕ್ಕೂ ಮೊದಲೇ ತೂತು ಕೊರೆದು, ಸ್ಕ್ರೂಗೆ ಮೇಣದಬತ್ತಿ ಉಜ್ಜಿ ಹಾಕಿ. ಇಲ್ಲದಿದ್ದರೆ ತಲೆ ಮುರಿದು ಸ್ಕ್ರೂ ಒಳಗೇ ಉಳಿಯುತ್ತೆ.

ಪಿಕಪ್ ಗುಂಡಿ ಕೊರೆಯೋದು ಇದಾದ ಮೇಲೆ. ಟೆಲಿಯಲ್ಲಿ ಹಿಂದಿನ ಪಿಕಪ್ ಬ್ರಿಡ್ಜ್ ಪ್ಲೇಟಿನಲ್ಲೇ ತೂಗುತ್ತೆ. ಬ್ರಿಡ್ಜ್ ಸರಿದರೆ ಗುಂಡಿಯೂ ಸರಿಯಬೇಕು.

ಶುರು ಮಾಡೋದು ಸಾಮಾನು ಕೊಳ್ಳೋದರಿಂದ. ಬ್ರಿಡ್ಜ್, ಟ್ಯೂನರ್, ಪಿಕಪ್, ಟ್ರಸ್ ರಾಡ್, ಬೋರ್ಡ್ ಕೈಗೆ ಬರೋ ತನಕ ಗರಗಸ ಮುಟ್ಟಬೇಡಿ. ಅವು ಬಂದ ಮೇಲೆ ಅಂಗಡಿಯಿಂದ ಚಾರ್ಟ್ ಹಾಳೆ ತಂದು ಪೂರ್ತಿ ಅಳತೆಗೆ ನಕ್ಷೆ ಬರೆಯಿರಿ, ಸಾಮಾನನ್ನೆಲ್ಲ ಅದರ ಮೇಲೇ ಇಟ್ಟು ನೋಡಿ. ಮಾಡುವ ಕ್ರಮ ಹೀಗಿರಲಿ: ನೆಕ್ ಮೊದಲು, ಪಾಕೆಟ್ ಆಮೇಲೆ, ಬ್ರಿಡ್ಜ್ ಅದರ ನಂತರ, ಬಾಡಿಯ ಹೊರ ಆಕಾರ ಕೊನೆಗೆ. ಜನ ಉಲ್ಟಾ ಮಾಡ್ತಾರೆ, ಆಕಾರ ನೋಡೋ ಆತುರಕ್ಕೆ. ಹಲಗೆ ಚೌಕವಾಗಿರೋವಾಗ ಕ್ಲ್ಯಾಂಪ್ ಹಾಕೋಕೂ ಸುಲಭ, ನೇರ ಅಂಚಿಂದ ಅಳೆಯೋಕೂ ಸುಲಭ.

ಪಾಲಿಶ್‌ಗೆ ಶೆಲಾಕ್ ಚೂರು ತಂದು ಸ್ಪಿರಿಟ್ಟಿನಲ್ಲಿ ನೆನೆಸಿ, ಹತ್ತಿಯ ಪೊಟ್ಟಣದಲ್ಲಿ ಉಜ್ಜಿ. ಸದ್ದಿಲ್ಲ, ಸ್ಪ್ರೇ ಬೇಡ, ಬಾಲ್ಕನಿಯಲ್ಲಿ ಮಾಡಬಹುದು. ಹಲಸಿನ ಹಳದಿ ಈಗ ಇರೋ ಹಾಗೇ ಇರಲ್ಲ, ಬೆಳಕಿಗೆ ಕಂದಾಗುತ್ತಾ ಹೋಗುತ್ತೆ. ಅದಕ್ಕೆ ಬಣ್ಣ ಹಾಕಬೇಡಿ.

ಮೂರು ಕಾರ್ಡ್ ಮುತ್ತಣ್ಣ:

ಸರಿ ಕಾಕಾ, ಸೋತೆ. ಆದರೂ ಒಂದು ಕೇಳ್ತೀನಿ, ಮಂಚದ ಕೆಳಗೆ ನನ್ನದೂ ಒಂದಿದೆ. ನೆಕ್ ಆಗಿದೆ, ಫ್ರೆಟ್ ಬಡಿದಾಗಿದೆ, ಏಳನೇ ಫ್ರೆಟ್ ಮೇಲೆ ಮಾತ್ರ ತಂತಿ ಝಿಲ್ ಅನ್ನುತ್ತೆ.

ಪ್ಯಾಟರ್ನ್ ಕಾಕಾ, ಬೆಳಗಾವಿ:

ಎಂಟನೆಯದು ಎದ್ದಿರುತ್ತೆ. ಮೂರು ಫ್ರೆಟ್ ಮೇಲೆ ಒಟ್ಟಿಗೆ ಕೂರುವಷ್ಟು ಉದ್ದದ ನೇರ ಪಟ್ಟಿ ತಗೊಂಡು ಏಳು, ಎಂಟು, ಒಂಬತ್ತರ ಮೇಲಿಡಿ. ತಕ್ಕಡಿಯಾಡಿದರೆ ನಡುವಿನದ್ದು ಎತ್ತರ. ಗಟ್ಟಿ ಮರದ ತುಂಡು ಇಟ್ಟು ಮೆಲ್ಲಗೆ ಒಂದು ಏಟು ಹಾಕಿ, ಕೂತರೆ ಸರಿ. ಕೂರದಿದ್ದರೆ ಅದೊಂದನ್ನೇ ಅರದಲ್ಲಿ ಉಜ್ಜಬೇಡಿ. ಮೊದಲು ಟ್ರಸ್ ರಾಡ್ ತಿರುಗಿಸಿ ನೆಕ್ ನೇರ ಮಾಡಿ, ಎಲ್ಲಾ ಫ್ರೆಟ್ಟಿಗೂ ಮಾರ್ಕರ್ ಬಳಿದು, ಉದ್ದ ಪಟ್ಟಿಗೆ 400ರ ಮರಳು ಕಾಗದ ಅಂಟಿಸಿ ಉಜ್ಜಿ. ಎಲ್ಲದರ ಮೇಲೂ ಶಾಯಿ ಹೋದಾಗ ನಿಲ್ಲಿಸಿ. ಫೋಟೋ ಹಾಕಿ, ನೋಡೋಣ.